'ಡ್ಯಾಮ್' ಮತ್ತು 'ದಾಮ್': ಒಂದು ಇಂಗ್ಲಿಷ್ ನುಡಿಗಟ್ಟಿನ ನಿರುಕ್ತ ವಿಚಾರ

ನುಡಿಗಟ್ಟಿನ ಅರ್ಥವನ್ನು ಬಳಕೆಯಿಂದ ತಿಳಿಯಬಹುದು. ಅದರ ಮೂಲವನ್ನು ಆಧಾರಗಳಿಂದಲೇ ನಿರ್ಣಯಿಸಬೇಕಾಗುತ್ತದೆ. ಉಚ್ಚಾರಣೆಯ ಸಾಮ್ಯವೊಂದನ್ನೇ ನೆಚ್ಚಿದರೆ ವಿದ್ವಾಂಸರೂ ದಾರಿ ತಪ್ಪಬಹುದು. ಇದಕ್ಕೆ ನಿದರ್ಶನವಾಗಿ 'ಐ ಡೋಂಟ್ ಕೇರ್ ಎ ಡ್ಯಾಮ್' ಎಂಬ ಹಳೆಯ ಇಂಗ್ಲಿಷ್ ನುಡಿಗಟ್ಟನ್ನು ಇಲ್ಲಿ ಪರಿಶೀಲಿಸಲಾಗಿದೆ. 'ನಾನು ಕಿಂಚಿತ್ತೂ ಲೆಕ್ಕಿಸುವುದಿಲ್ಲ' ಎಂಬುದು ಇದರ ಭಾವ. ಇಲ್ಲಿಯ 'ಡ್ಯಾಮ್' ಶಾಪದ ಮಾತಲ್ಲ, ದೆಹಲಿಯ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದ 'ದಾಮ್' ಎಂಬ ತಾಮ್ರದ ನಾಣ್ಯ ಎಂಬ ವಾದವು ನೂರು ವರ್ಷಗಳಿಗೂ ಮಿಗಿಲಾಗಿ ಪ್ರಚಾರದಲ್ಲಿದೆ. ದೆಹಲಿಯಲ್ಲಿರುವ ಕನ್ನಡ ವಿದ್ಯಾರ್ಥಿಗೆ ಈ ವಾದ ಎರಡು ರೀತಿಯಿಂದ ಹತ್ತಿರದ್ದು. ನಾಣ್ಯವು ಈ ನಗರದ್ದು. ಅದರ ಸಂತತಿಯ ಒಂದು ಪದ ಕನ್ನಡದಲ್ಲಿಯೂ ಉಂಟು.

ವಾದವನ್ನು ಮಂಡಿಸಿದ್ದು 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶ. ಇದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಬರ್ನೆಲ್ ಕರ್ನಾಟಕಕ್ಕೆ ಅಪರಿಚಿತರಲ್ಲ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಅವರು ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ತಮ್ಮ ಗ್ರಂಥವನ್ನು 1874ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಮಾಡಿಸಿದರು. ಅವರು 1882ರಲ್ಲಿ ತೀರಿಕೊಂಡ ಮೇಲೆ ಕೋಶವನ್ನು ಪೂರೈಸಿದವರು ಯೂಲ್. ಭಾರತದಲ್ಲಿದ್ದ ಆಂಗ್ಲರು 'ಒಂದು ದಮ್ರಿಯನ್ನೂ ಕೊಡುವುದಿಲ್ಲ' ಎನ್ನುತ್ತಿದ್ದುದನ್ನು ಉಲ್ಲೇಖಿಸಿ, ಇಂಗ್ಲೆಂಡಿನ 'ಡ್ಯಾಮ್' ಕೂಡ ಈ ನಾಣ್ಯದಿಂದಲೇ ಬಂದಿರಬಹುದೆಂದು ಈ ಕೋಶ ಸೂಚಿಸುತ್ತದೆ.

ನಾಣ್ಯದ ಚರಿತ್ರೆ ಸ್ಪಷ್ಟವಾಗಿದೆ. ಗ್ರೀಕಿನ 'ದ್ರಖ್ಮೆ' ಸಂಸ್ಕೃತದಲ್ಲಿ 'ದ್ರಮ್ಮ'ವಾಯಿತು; ಪ್ರಾಕೃತದಲ್ಲಿ 'ದಮ್ಮ'ವಾಗಿ, ಮುಂದೆ 'ದಾಮ್' ಎಂದಾಯಿತು. ಗದ್ಯಾಣ, ಪಣ, ಹಾಗ, ವೀಸಗಳ ಜೊತೆಗೆ 'ದ್ರಮ್ಮ'ವೂ ಕನ್ನಡ ಶಾಸನಗಳಲ್ಲಿ ಕಾಣಬರುತ್ತದೆ. ಅಕ್ಬರನ ಕಾಲದ 'ಆಯಿನ್-ಇ-ಅಕ್ಬರಿ'ಯ ಪ್ರಕಾರ 40 ದಾಮ್‌ಗಳಿಗೆ ಒಂದು ರೂಪಾಯಿ. ದಾಮ್‌ನ ಎಂಟನೆಯ ಒಂದು ಭಾಗ 'ದಮ್ರಿ'. ಹಿಂದೆ ಈ ನಾಣ್ಯಕ್ಕೆ 'ಪೈಸಾ' ಎಂದೂ 'ಬಹಲೋಲಿ' ಎಂದೂ ಹೆಸರಿದ್ದಿತೆಂದು ಅದೇ ಗ್ರಂಥ ಹೇಳುತ್ತದೆ. ಎರಡನೆಯ ಹೆಸರು ದೆಹಲಿಯ ಸುಲ್ತಾನ ಬಹಲೋಲ್ ಲೋದಿಯದು (1451-1489). ಕನ್ನಡದ 'ದಮ್ಮಡಿ', ಮರಾಠಿಯ 'ದಮಡೀ' ಈ ದಮ್ರಿಯ ರೂಪಗಳೇ. ನಾಣ್ಯ ಅಳಿದರೂ ಪದ ಉಳಿದಿದೆ. ದೆಹಲಿಯ ಅಂಗಡಿಯಲ್ಲಿ ಇಂದಿಗೂ 'ದಾಮ್' ಎಂದರೆ ಬೆಲೆ. 'ಚರ್ಮ ಹೋದರೂ ದಮ್ರಿ ಹೋಗಬಾರದು' ಎಂಬ ಭಾವದ ಹಿಂದಿ ಗಾದೆ ಜಿಪುಣನನ್ನು ಹಂಗಿಸುತ್ತದೆ.

ಇಷ್ಟು ಸಾಮಗ್ರಿಯಿರುವಾಗ ವಾದವನ್ನು ಒಪ್ಪಬಾರದೇಕೆ? ಅದಕ್ಕೆ ಇನ್ನೊಂದು ಪುಷ್ಟಿಯೂ ದೊರೆಯುವಂತೆ ತೋರುತ್ತದೆ. 'ಎರಡು ಪೆನ್ನಿಯ ಡ್ಯಾಮ್' ಎಂಬ ಮಾತನ್ನು ಮೆಕಾಲೆ 1849ರ ಪತ್ರವೊಂದರಲ್ಲಿ 'ಡ್ಯೂಕ್'ನ ಮಾತೆಂದು ಹೇಳಿದ್ದಾನೆ. ಆ ಡ್ಯೂಕ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಅವನು. ನಾಣ್ಯದ ಹೆಸರನ್ನು ಅವನೇ ಭಾರತದಿಂದ ಕೊಂಡೊಯ್ದನೆಂದು ಊಹಿಸಲು ಮನಸ್ಸಾಗುವುದು ಸಹಜ.

ಆದರೆ ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ. ಆಲಿವರ್ ಗೋಲ್ಡ್‌ಸ್ಮಿತ್ 1760-61ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬರೆದ 'ಸಿಟಿಜನ್ ಆಫ್ ದಿ ವರ್ಲ್ಡ್' ಪತ್ರಗಳಲ್ಲಿಯೇ 'ಮೂರು ಡ್ಯಾಮ್'ಗಳಷ್ಟೂ ಲೆಕ್ಕಿಸದ ಮಾತು ಬಂದಿದೆ. ವೆಲಿಂಗ್ಟನ್ ಹುಟ್ಟಿದ್ದು 1769ರಲ್ಲಿ. 'ಮೂರು' ಎಂಬ ಎಣಿಕೆ ನಾಣ್ಯವನ್ನು ನೆನಪಿಸುತ್ತದೆ ಎನ್ನಬಹುದು. ಶಾಪಗಳನ್ನೂ ಎಣಿಸಬಹುದಾದ್ದರಿಂದ ಅದು ನಿರ್ಣಾಯಕವಲ್ಲ. ಲ್ಯಾಟಿನ್ನಿನ 'ದಮ್ನಾರೆ' (ದಂಡಿಸು, ಖಂಡಿಸು) ಎಂಬ ಧಾತುವಿನಿಂದ ಹಳೆಯ ಫ್ರೆಂಚಿನ ಮೂಲಕ ಬಂದ ಶಾಪವಾಚಕ ಆ ವೇಳೆಗಾಗಲೇ ಇಂಗ್ಲಿಷಿನಲ್ಲಿ ಬೇರೂರಿತ್ತು. 'ಒಂದು ಶಾಪದಷ್ಟೂ ಬೆಲೆಯಿಲ್ಲ' ಎಂಬ ಸಮಾನ ಪ್ರಯೋಗವೂ ಆ ಭಾಷೆಯಲ್ಲಿದೆ. ಹೀಗಿರುವಾಗ ಹೊರಗಿನ ಮೂಲವನ್ನು ಕಲ್ಪಿಸುವ ಅಗತ್ಯವಿಲ್ಲ. 1890ರ ದಶಕದಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರು ಯೂಲರ ಸೂಚನೆಯನ್ನು ಜಾಣ್ಮೆಯದೆಂದು ಮೆಚ್ಚಿ, ವಾಸ್ತವಾಂಶದ ಆಧಾರವಿಲ್ಲವೆಂದು ತಳ್ಳಿಹಾಕಿದರು.

ಹೀಗೆಂದು ಭಾರತದ ನಾಣ್ಯಗಳು ಇಂಗ್ಲಿಷಿಗೆ ಹೋಗಲೇ ಇಲ್ಲವೆಂದಲ್ಲ. ನಮ್ಮ 'ಕಾಸು' ಪೋರ್ಚುಗೀಸರ ಮೂಲಕ 'ಕ್ಯಾಷ್' ಎಂಬ ರೂಪದಲ್ಲಿ, ಪೂರ್ವದೇಶಗಳ ಚಿಕ್ಕ ನಾಣ್ಯದ ಹೆಸರಾಗಿ ಹೋಗಿದೆ. ಆದರೆ ನಗದು ಎಂಬ ಅರ್ಥದ 'ಕ್ಯಾಷ್' ಬೇರೆಯೇ ಪದ. ಅದು ಪೆಟ್ಟಿಗೆ ಎಂಬರ್ಥದ ಯುರೋಪಿನ ಪದದಿಂದ ಬಂದದ್ದು. ಧ್ವನಿಯೊಂದೇ, ವಂಶ ಎರಡು. 'ಡ್ಯಾಮ್' ಮತ್ತು 'ದಾಮ್'ಗಳ ಸಂಬಂಧವೂ ಇಂಥದೇ.

ಈ ವಿಚಾರದಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಅಲಕ್ಷ್ಯವನ್ನು ಸೂಚಿಸಲು ಭಾಷೆಗಳು ಅತ್ಯಲ್ಪವಾದ ವಸ್ತುವನ್ನೇ ಹುಡುಕುತ್ತವೆ. ಇಂಗ್ಲಿಷಿಗೆ ಹುಲ್ಲು, ಗುಂಡುಸೂಜಿ, ಫಾರ್ದಿಂಗ್, ಶಾಪ. ಕನ್ನಡಕ್ಕೆ ತೃಣ, ಕವಡೆ, ಚಿಕ್ಕಾಸು, ದಮ್ಮಡಿ. ಆದುದರಿಂದ ಈ ನುಡಿಗಟ್ಟನ್ನು 'ದಮ್ಮಡಿಯಷ್ಟೂ ಲೆಕ್ಕಿಸುವುದಿಲ್ಲ' ಎಂದು ಅನುವಾದಿಸುವವನು ತಪ್ಪು ಮಾಡುವುದಿಲ್ಲ. ಅನುವಾದಕ್ಕೆ ಬೇಕಾದದ್ದು ಬಳಕೆಯ ಸಾಮ್ಯ, ಮೂಲದ ಐಕ್ಯವಲ್ಲ. ಎರಡನೆಯದಾಗಿ, ನಮ್ಮ ಅಭಿಮಾನಕ್ಕೆ ಹಿತವಾದ ನಿರುಕ್ತವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಲೋಕದ ಪದಗಳನ್ನೆಲ್ಲ ಕನ್ನಡಕ್ಕೋ ಸಂಸ್ಕೃತಕ್ಕೋ ಒಯ್ದು ಮುಟ್ಟಿಸುವ ಉತ್ಸಾಹ ನಮ್ಮಲ್ಲಿಯೂ ಕಡಮೆಯಿಲ್ಲ. ಗ್ರೀಸಿನಿಂದ ಹೊರಟು ಶಾಸನಗಳ ದ್ರಮ್ಮವಾಗಿ, ದೆಹಲಿಯ ದಾಮ್ ಆಗಿ, ಕನ್ನಡದ ದಮ್ಮಡಿಯಾದ ಪದದ ನಿಜಚರಿತ್ರೆಯೇ ಸಾಕಷ್ಟು ದೊಡ್ಡದು. ಅದಕ್ಕೆ ಇಲ್ಲದ ಯಾತ್ರೆಯನ್ನು ಸೇರಿಸಬೇಕಾದ ಕಾರಣವಿಲ್ಲ.