ಹಳೆಯ ಕಾರು ಹೊರಡದಿದ್ದಾಗ: ವಿದ್ಯುತ್ ದೋಷವನ್ನು ಪತ್ತೆಮಾಡುವ ಕ್ರಮ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆಗಳಲ್ಲಿ ಜೂನ್ ತಿಂಗಳಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಪೂರ್ಣವಾಗಿ ಬಿಡುವುದು ಅಪರೂಪ. ಹೆತ್ತೂರು, ಯಸಳೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆ ಮೊದಲಾದ ಹೋಬಳಿಗಳ ತೋಟದ ಮನೆಗಳಲ್ಲಿ ಆ ದಿನಗಳಲ್ಲಿ ಗೋಡೆಗೆ, ಬಟ್ಟೆಗೆ, ಪುಸ್ತಕಕ್ಕೆ ಹಿಡಿಯುವ ತೇವವು ಷೆಡ್ಡಿನಲ್ಲಿ ನಿಂತ ವಾಹನವನ್ನೂ ಬಿಡುವುದಿಲ್ಲ. ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪು ಇವು ಕಾಫಿ ಸೀಮೆಯ ಎರಡು ತಲೆಮಾರುಗಳನ್ನು ಹೊತ್ತು ತಿರುಗಿದ ವಾಹನಗಳು. ಇಂದಿಗೂ ಅಲ್ಲಲ್ಲಿ ಉಳಿದುಕೊಂಡಿವೆ.

ಒಂದು ಸನ್ನಿವೇಶವನ್ನು ಊಹಿಸಬಹುದು. ಜುಲೈ ತಿಂಗಳ ರಾತ್ರಿ. ತೋಟದ ಲೈನಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನೋವು ಪ್ರಾರಂಭವಾಗಿದೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಕರೆದೊಯ್ಯಲು ಇರುವುದು ಹಳೆಯ ಅಂಬಾಸಿಡರ್ ಒಂದೇ. ಕೀಲಿ ತಿರುಗಿಸಿದರೆ 'ಠಕ್' ಎಂಬ ಒಂದು ಸದ್ದು, ಅನಂತರ ಮೌನ. ಮುಂದಿನ ದೀಪಗಳು ಮಾತ್ರ ಪ್ರಕಾಶಮಾನವಾಗಿಯೇ ಉರಿಯುತ್ತಿವೆ. ಸುತ್ತ ನಿಂತವರಲ್ಲಿ ಒಬ್ಬರು "ಬ್ಯಾಟರಿ ಹೋಗಿದೆ" ಎನ್ನುತ್ತಾರೆ. ಇನ್ನೊಬ್ಬರು "ದೀಪ ಉರಿಯುತ್ತಿದೆಯಲ್ಲ, ಸೆಲ್ಫೇ ಸುಟ್ಟಿರಬೇಕು" ಎನ್ನುತ್ತಾರೆ. ಇಬ್ಬರೂ ಪರೀಕ್ಷೆ ಮಾಡದೆ ತೀರ್ಪು ಕೊಟ್ಟವರು. ಇಂಥ ತೀರ್ಪಿನ ಮೇಲೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದು, ವಾರ ಕಳೆಯುವುದರೊಳಗೆ ಅದೇ ಮೌನವನ್ನು ಮತ್ತೆ ಎದುರಿಸಿದವರು ಮಲೆನಾಡಿನಲ್ಲಿ ಕಡಿಮೆಯಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತಿದೆಯೇ, ಇಲ್ಲವೇ? ತಿರುಗಿಸದಿದ್ದರೆ ದೋಷವು ಬ್ಯಾಟರಿ, ದಪ್ಪ ತಂತಿಗಳು, ಸಾಲನಾಯ್ಡ್ ಸ್ವಿಚ್ಚು, ಮೋಟಾರು ಇವುಗಳಿಂದಾದ ಮಂಡಲದಲ್ಲಿದೆ. ಚೆನ್ನಾಗಿ ತಿರುಗಿಸಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಆ ಮಂಡಲವನ್ನು ಬಿಟ್ಟು ಕಾಯಿಲ್, ಪಾಯಿಂಟು, ಪ್ಲಗ್ಗುಗಳ ಕಡೆಗೆ ಅಥವಾ ಪೆಟ್ರೋಲಿನ ಕಡೆಗೆ ನೋಡತಕ್ಕದ್ದು. ಈ ವಿಂಗಡಣೆಯನ್ನು ಮಾಡದೆ ಸ್ಪ್ಯಾನರ್ ಹಿಡಿಯುವುದು ವ್ಯರ್ಥ.

ದೀಪ ಉರಿಯುವಾಗ ಸೆಲ್ಫ್ ಏಕೆ ತಿರುಗದು ಎಂಬುದಕ್ಕೆ ಉತ್ತರ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ. ಆ ನಿಯಮವನ್ನು ಕೊಟ್ಟಾತನೂ ಶಾಲಾ ಉಪಾಧ್ಯಾಯನೇ. ಜರ್ಮನಿಯ ಕಲೋನ್ ನಗರದ ಶಾಲೆಯೊಂದರಲ್ಲಿ ಬೋಧಿಸುತ್ತಿದ್ದ ಗೇಯಾರ್ಗ್ ಓಮ್, ಶಾಲೆಯ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡಿ, 1827ರಲ್ಲಿ ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಬ್ಯಾಟರಿಯ ತುದಿಯಲ್ಲಿ ಹಸಿರು ಮತ್ತು ಬಿಳಿಯ ಕಿಲುಬು ಬೆಳೆದು, ಅಲ್ಲಿ ಕೇವಲ 0.05 ಓಮ್ ರೋಧ ಉಂಟಾಗಿದೆಯೆಂದು ಭಾವಿಸೋಣ. 45 ವ್ಯಾಟಿನ ಎರಡು ದೀಪಗಳು ಒಟ್ಟು ಸುಮಾರು 7.5 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. ಕಿಲುಬಿನಲ್ಲಿ ನಷ್ಟವಾಗುವುದು 0.4 ವೋಲ್ಟಿಗಿಂತ ಕಡಿಮೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ನಿಂತಿರುವ ಸೆಲ್ಫ್ ಮೋಟಾರಿನ ರೋಧವೂ ಹೆಚ್ಚುಕಡಿಮೆ ಅಷ್ಟೇ ಅತ್ಯಲ್ಪವಾದುದು. ಅದನ್ನೂ 0.05 ಓಮ್ ಎಂದಿಟ್ಟುಕೊಂಡು, ಬ್ಯಾಟರಿಯ ಒಳರೋಧವನ್ನು ಸದ್ಯಕ್ಕೆ ಬದಿಗಿರಿಸಿದರೆ, 240 ಆಂಪಿಯರ್ ಹರಿಯಬೇಕಾದಲ್ಲಿ 120 ಮಾತ್ರ ಹರಿಯುತ್ತದೆ. 12 ವೋಲ್ಟಿನಲ್ಲಿ 6 ವೋಲ್ಟು ಕಿಲುಬಿಗೆ, ಉಳಿದ 6 ಮೋಟಾರಿಗೆ. ಸರಣಿ ಮೋಟಾರಿನ ತಿರುಗುಬಲವು ಸ್ಥೂಲವಾಗಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅರ್ಧ ಪ್ರವಾಹಕ್ಕೆ ದೊರೆಯುವುದು ಕಾಲುಭಾಗ ಬಲ. ಮಳೆಯ ಚಳಿಗೆ ದಪ್ಪವಾದ ಎಣ್ಣೆಯಲ್ಲಿ ಕುಳಿತ ಎಂಜಿನ್ನನ್ನು ಅದು ಅಲುಗಿಸಲಾರದು.

ಕಳೆದುಹೋದ ಶಕ್ತಿ ಎಲ್ಲಿ ಹೋಯಿತು? 120 ಆಂಪಿಯರ್, 6 ವೋಲ್ಟು, ಎಂದರೆ 720 ವ್ಯಾಟ್. ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯಷ್ಟು ಕಾವು ಒಂದು ಕೊಂಡಿಯಲ್ಲಿ! ಹಳೆಯ ಮೇಸ್ತ್ರಿಗಳು ಕೆಲವು ಕ್ಷಣ ಸೆಲ್ಫ್ ಒತ್ತಿಸಿ ಒಂದೊಂದೇ ಜೋಡಣೆಯ ಹತ್ತಿರ ಬೆರಳು ತಂದು ನೋಡುವುದರ ಗುಟ್ಟು ಇದು. ಬಿಸಿಯಾದ ಜೋಡಣೆಯೇ ಅಪರಾಧಿ.

ದೀಪದ ಪರೀಕ್ಷೆಯನ್ನೂ ಕ್ರಮವರಿತು ಮಾಡಿದರೆ ಬಹಳಷ್ಟು ತಿಳಿಯುತ್ತದೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕು ಹಾಕಿ, ದೀಪ ಹೊತ್ತಿಸಿಕೊಂಡೇ ಸೆಲ್ಫ್ ಒತ್ತಬೇಕು. ದೀಪ ಆರಿದಂತಾಗಿ, ಸ್ವಿಚ್ಚು ಬಿಟ್ಟೊಡನೆ ಮತ್ತೆ ಬೆಳಗಿದರೆ ಬ್ಯಾಟರಿಯ ಕೊಂಡಿಗಳನ್ನು ಅಥವಾ ಬ್ಯಾಟರಿಯನ್ನೇ ಶಂಕಿಸಬೇಕು. ಬ್ಯಾಟರಿ ದುರ್ಬಲವಾಗಿದ್ದರೆ ಸಾಲನಾಯ್ಡು ಹಿಡಿದು, ವೋಲ್ಟು ಕುಸಿದು, ಬಿಟ್ಟು, ಮತ್ತೆ ಹಿಡಿದು 'ಟಕಟಕ' ಎಂದು ಎಡೆಬಿಡದೆ ಸದ್ದು ಮಾಡುವುದುಂಟು. ದೀಪ ತೀರ ಮಂಕಾಗಿ, ಬ್ಯಾಟರಿ ಮತ್ತು ಕೊಂಡಿಗಳು ಸರಿಯಿದ್ದರೆ, ಪಿನಿಯನ್ನು ಫ್ಲೈವೀಲಿನ ಹಲ್ಲಿನಲ್ಲಿ ಸಿಕ್ಕಿಕೊಂಡಿರಬಹುದು. ಕೀಲಿ ತೆಗೆದು, ಮೇಲಿನ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಅಲುಗಿಸಿದರೆ ಬಿಡುತ್ತದೆ. ದೀಪ ಕಿಂಚಿತ್ತೂ ಬದಲಾಗದಿದ್ದರೆ ಪ್ರವಾಹವು ಮೋಟಾರಿನ ಮೂಲಕ ಹರಿಯುತ್ತಲೇ ಇಲ್ಲ. ಸ್ವಿಚ್ಚು, ಸಾಲನಾಯ್ಡಿನ ಒಳಗಿನ ತಾಮ್ರದ ಸಂಪರ್ಕ, ಸವೆದ ಬ್ರಷ್ಷು ಇಲ್ಲವೆ ಎಂಜಿನ್ನಿನ ಅರ್ಥ್ ಪಟ್ಟಿ, ಇವುಗಳಲ್ಲಿ ಒಂದು ಕೈಕೊಟ್ಟಿದೆ.

ಕಡೆಯದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹುಮಂದಿ ಮರೆಯುವುದು ಇದನ್ನೇ. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಕಾರಿನ ಕವಚಕ್ಕೂ ಅದಕ್ಕೂ ಲೋಹದ ಗಟ್ಟಿ ಸಂಬಂಧವಿಲ್ಲ. ಹೆಣೆದ ತಾಮ್ರದ ಪಟ್ಟಿಯೊಂದು ಎರಡನ್ನೂ ಕೂಡಿಸುತ್ತದೆ. ಕೆಸರು ತುಂಬಿದ ತೋಟದ ದಾರಿಯಲ್ಲಿ ವರ್ಷಗಟ್ಟಲೆ ಓಡಿದ ವಾಹನದಲ್ಲಿ ಈ ಪಟ್ಟಿ ಎಳೆ ಎಳೆಯಾಗಿ ಹರಿದಿರುತ್ತದೆ, ಅಥವಾ ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರುತ್ತದೆ. ದೀಪಗಳ ಪ್ರವಾಹ ಕವಚದ ಮೂಲಕವೇ ಹಿಂದಿರುಗುವುದರಿಂದ ಅವುಗಳಿಗೆ ಇದರ ಅರಿವೇ ಇಲ್ಲ. ಸೆಲ್ಫಿನ ಪ್ರವಾಹವಾದರೋ ದಾರಿ ಕಾಣದೆ ಚೋಕಿನ ತಂತಿಯ ಮೂಲಕ ನುಸುಳಲು ಯತ್ನಿಸುತ್ತದೆ. ಚೋಕಿನ ಹಿಡಿ ಬಿಸಿಯಾದರೆ, ಹೊಗೆಯಾಡಿದರೆ, ಮತ್ತೆ ಯೋಚಿಸಬೇಕಾದುದಿಲ್ಲ.

ಇಂದು ಕೆಲವು ನೂರು ರೂಪಾಯಿಗೆ ಮಲ್ಟಿಮೀಟರು ದೊರೆಯುತ್ತದೆ. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಅನಂತರ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಸೆಲ್ಫ್ ಒತ್ತಿಸಬೇಕು. ಕೊಂಡಿಗಲ್ಲ, ಕಂಬಕ್ಕೇ ಒತ್ತಬೇಕೆಂಬುದು ಮುಖ್ಯ. ಇಲ್ಲವಾದರೆ ಕೊಂಡಿಯ ಕೆಳಗಿನ ಕಿಲುಬು ತಪ್ಪಿಸಿಕೊಳ್ಳುತ್ತದೆ. ಅರ್ಧ ವೋಲ್ಟಿಗೆ ಮೀರಿದ ಅಂಕಿ ಕಂಡರೆ ಆ ಹಾದಿಯಲ್ಲಿ ದೋಷವಿದೆ. ಇನ್ನೊಂದು ಕಂಬದಿಂದ ಮೋಟಾರಿನವರೆಗೂ ಹೀಗೆಯೇ. ಹಳೆಯ ವಾಹನಗಳಲ್ಲಿ ಕೆಲವಕ್ಕೆ ಧನ ತುದಿಯೇ ಅರ್ಥ್ ಆಗಿರುವುದರಿಂದ ಮೊದಲೇ ನೋಡಿಕೊಳ್ಳಬೇಕು. ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಕತ್ತಲೆಯಲ್ಲಿ ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಖಂಡಿತ ಕೂಡದು.

ಸೆಲ್ಫ್ ತಿರುಗಿಯೂ ಎಂಜಿನ್ ಹತ್ತದಿದ್ದಾಗ, ಮಳೆಗಾಲದಲ್ಲಿ, ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಬೇಕು. ಅರ್ಧ ತೊಂದರೆ ಅಲ್ಲಿಗೇ ತೀರುವುದುಂಟು. ಪಾಯಿಂಟುಗಳ ಅಂತರ ಲೂಕಾಸ್ ಮಾದರಿಗಳಲ್ಲಿ 0.35ರಿಂದ 0.40 ಮಿಲಿಮೀಟರ್. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ತಂತಿಯ ತುದಿಗೂ ಅರ್ಥಿಗೂ ನಡುವೆ ಚಿಕ್ಕ ಬಲ್ಬೊಂದನ್ನು ಹಿಡಿದು ಎಂಜಿನ್ ತಿರುಗಿಸಿದರೆ ಅದು ಮಿನುಗಬೇಕು. ಸದಾ ಉರಿದರೆ ಪಾಯಿಂಟು ಕೂಡುತ್ತಿಲ್ಲ. ಉರಿಯದೆಯೇ ಇದ್ದರೆ ಕಾಯಿಲಿಗೆ ವಿದ್ಯುತ್ ಬರುತ್ತಿಲ್ಲ ಅಥವಾ ಪಾಯಿಂಟು ಬಿಡುತ್ತಿಲ್ಲ.

ಇಳಿಜಾರಿನ ವಿಷಯವನ್ನು ಹೇಳದಿದ್ದರೆ ಮಲೆನಾಡಿನ ಓದುಗರು ಒಪ್ಪಲಾರರು. ಕಾರನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸಿ, ಉರುಳಿಸಿ, ಗೇರು ಬಿಟ್ಟು ಹೊರಡಿಸುವುದು ಇಲ್ಲಿಯ ವಾಡಿಕೆ. ಇದರಲ್ಲಿ ಯುಕ್ತಿಯಿದೆ. ಸೆಲ್ಫ್ ಎಳೆಯುವಾಗ ಬ್ಯಾಟರಿ 8 ವೋಲ್ಟಿಗೆ ಕುಸಿದರೆ ಕಾಯಿಲಿನ ಪ್ರವಾಹ ಮೂರನೆಯ ಎರಡು ಪಾಲಿಗೆ, ಕಿಡಿಯ ಶಕ್ತಿ ಅರ್ಧಕ್ಕಿಂತ ಕೆಳಕ್ಕೆ ಇಳಿಯುತ್ತದೆ; ಉರುಳಿಸಿದಾಗ ಆ ಭಾರ ತಪ್ಪಿ ಕಿಡಿ ಬಲವಾಗುತ್ತದೆ. ಡೈನಮೋ ಇರುವ ಹಳೆಯ ವಾಹನಕ್ಕೆ ಉಳಿದ ಕಾಂತತ್ವವೂ ನೆರವಾಗುತ್ತದೆ. ಆಲ್ಟರ್ನೇಟರ್ ಇದ್ದು ಬ್ಯಾಟರಿ ಪೂರ್ತಿ ಸತ್ತಿದ್ದರೆ ಉರುಳಿಸಿ ಫಲವಿಲ್ಲ. ಆದರೆ ಇಳಿಜಾರು ದೋಷವನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ಸಮತಟ್ಟಾದ ಅಂಗಳದಲ್ಲಿ ಕಾರು ನಿಂತ ರಾತ್ರಿಯೇ ಅದು ಹೊರಬೀಳುವುದು.

ಆರಂಭದಲ್ಲಿ ಊಹಿಸಿದ ಅಂಬಾಸಿಡರಿನಲ್ಲಿ ಸೆಲ್ಫ್ ಒತ್ತಿದಾಗ ದೀಪ ಮಂಕಾಗಲಿಲ್ಲ, ಬ್ಯಾಟರಿಯ ಕೊಂಡಿಗಳು ತಣ್ಣಗಿವೆ, ಚೋಕಿನ ಹಿಡಿ ಬೆಚ್ಚಗಿದೆ ಎಂದಿಟ್ಟುಕೊಂಡರೆ ಗ್ಯಾರೇಜು ತೆರೆಯುವವರೆಗೆ ಕಾಯಬೇಕಾಗಿಲ್ಲ. ಜೀಪಿಗೋ ಟ್ರ್ಯಾಕ್ಟರಿಗೋ ಬಳಸುವ ದಪ್ಪ ಜಂಪರ್ ತಂತಿಯ ಒಂದು ಹಿಡಿಕೆಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಭದ್ರವಾಗಿ ಕಚ್ಚಿಸಿ ಕೀಲಿ ತಿರುಗಿಸಿದರೆ ಎಂಜಿನ್ ತಿರುಗುತ್ತದೆ. ಕಾರು ಆಸ್ಪತ್ರೆಗೆ ಹೋಗಿಬಂದ ಮೇಲೆ, ಬೆಳಕಿನಲ್ಲಿ, ಹಳೆಯ ಪಟ್ಟಿಯನ್ನು ಬಿಚ್ಚಿ, ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಹಾಕಿ ವ್ಯಾಸಲೀನ್ ಸವರಬಹುದು.