ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ತಮ್ಮಾ, ಮಲ್ಪೆಗೆ ಬೋಟಿನ ಕೆಲಸಕ್ಕೆ ಹೊರಟಿದ್ದೀಯಂತೆ, ನಿಮ್ಮಪ್ಪ ಹೇಳಿದ. ಹೋಗಿ ಬಾ. ನಮ್ಮ ಹಡಗಲಿಯಿಂದ ನಾನೂ ಒಂದು ಕಾಲಕ್ಕೆ ಹೀಗೇ ಹೋದವನು, ಅದಕ್ಕೇ ನಾಲ್ಕು ಮಾತು.

ನೀನು ಹರಿಗೋಲಿನಲ್ಲಿ ಬೆಳೆದ ಹುಡುಗ. 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರಲ್ಲಿ ಹಳೇ ಊರಿನ ಗೋಡೆ ಎಲ್ಲಿದೆ, ಜಾಲಿ ಮೋಟು ಎಲ್ಲಿದೆ ಎಂದು ಬೇಸಿಗೆಯಲ್ಲಿ ಕಂಡಿದ್ದೀಯ. ನೀರು ತುಂಬಿದ ಮೇಲೂ ನಿನ್ನ ಹುಟ್ಟು ತಾನಾಗಿ ಪಕ್ಕಕ್ಕೆ ಹೊರಳುತ್ತದೆ. ಕಡಲಲ್ಲಿ ಆ ನೆನಪು ನೆರವಿಗೆ ಬಾರದು. ಅಲ್ಲಿ ತಳದ ಸುದ್ದಿ ಹೇಳುವುದು ಬೋಯ್: ತಳಕ್ಕೆ ಭಾರ ಇಳಿಸಿ, ಸರಪಳಿ ಕಟ್ಟಿ ತೇಲಬಿಟ್ಟ ಬಣ್ಣದ ಗುರುತು.

ಕಡಲಿನಿಂದ ಬಂದರಿಗೆ ಬರುವಾಗ ಕೆಂಪು ಎಡಗೈಗೆ, ಹಸಿರು ಬಲಗೈಗೆ ಇರಬೇಕು. ನಡುವೆ ದಾರಿ. ಹೊರಗೆ ಹೋಗುವಾಗ ಇದು ಅದಲುಬದಲು. ಹೊಸಬರು ತಪ್ಪುವುದು ಇಲ್ಲೇ. ಬಣ್ಣ ಮಾಸಿದ್ದರೆ ಆಕಾರ ನೋಡು. ಕೆಂಪಿನದು ಡ್ರಮ್ಮಿನಂತೆ ಚಪ್ಪಟೆ ತಲೆ, ಹಸಿರಿನದು ಚೂಪು ತಲೆ. ರಾತ್ರಿ ದೀಪವೂ ಅದೇ ಬಣ್ಣ. ಅಮೆರಿಕ, ಜಪಾನಿನಲ್ಲಿ ಕೆಂಪು ಬಲಕ್ಕಿರುತ್ತದೆ, ಅಲ್ಲಿಯ ವಿಡಿಯೊ ನೋಡಿ ಕಲಿಯಬೇಡ.

ಹಳದಿ-ಕಪ್ಪು ಪಟ್ಟೆಯದು ಅಪಾಯ ಬಿಟ್ಟು ಯಾವ ದಿಕ್ಕಿಗೆ ಹಾಯಬೇಕೆಂದು ತಿಳಿಸುತ್ತದೆ. ರಾತ್ರಿ ಗಡಿಯಾರ ನೆನೆಸಿಕೋ. ಮೂರು ಮಿಣುಕು ಪೂರ್ವ, ಆರರ ಬೆನ್ನಿಗೆ ಒಂದು ಉದ್ದ ಮಿಣುಕು ದಕ್ಷಿಣ, ಒಂಬತ್ತು ಪಶ್ಚಿಮ. ಉತ್ತರದ್ದು ಬಿಡದೆ ಮಿಣುಕುತ್ತದೆ. ಪೂರ್ವದ ಗುರುತು ಕಂಡರೆ ಅದರ ಪೂರ್ವಕ್ಕೇ ಹಾಯಬೇಕು.

ಬೋಯ್‌ಗೆ ತೀರ ಒತ್ತಿ ಹೋಗಬೇಡ. ಒಂದು ನಸುಕಿನಲ್ಲಿ ಇಳಿತವಿತ್ತು, ಸರಪಳಿ ಸಡಿಲಾಗಿ ಬೋಯ್ ಪಕ್ಕಕ್ಕೆ ಸರಿದಿತ್ತು. ನಾವು ಅದನ್ನೇ ನಂಬಿ ಒತ್ತಿಕೊಂಡು ಬಂದೆವು. ಅಡಿಯಲ್ಲಿ ಗರ್‌ ಎಂದು ಮರಳು ಕೆರೆದು ಬೋಟು ನಿಂತೇಬಿಟ್ಟಿತು. ಮುಂದಿನ ಉಬ್ಬರದವರೆಗೆ ಹನ್ನೊಂದು ಮಂದಿ ಉಸಿರು ಬಿಗಿಹಿಡಿದು ಕೂತಿದ್ದೆವು.

ಮೀನುಗಾರಿಕೆ ನಿಷೇಧವೆಂದು ಜೂನ್ 1ರಿಂದ 61 ದಿನ ಬೋಟು ಇಳಿಯುವುದಿಲ್ಲವಲ್ಲ, ಅಷ್ಟರಲ್ಲಿ ಮಳೆಗಾಲದ ಅಲೆಗೆ ಅಳಿವೆಯ ಮರಳು ಜಾಗ ಬದಲಿಸುತ್ತದೆ, ಸರಪಳಿಯೂ ಹರಿಯಬಹುದು. ಆಗಸ್ಟಿನ ಮೊದಲ ದಿನಗಳಲ್ಲಿ ಬೋಯ್ ಜೊತೆಗೆ ಆಳ ತೋರಿಸುವ ಯಂತ್ರವನ್ನೂ ನೋಡು, ಬೋಟು ನಡೆಸುವ ತಂಡೇಲರ ಮಾತನ್ನೂ ಕೇಳು. ಯಾವುದಾದರೂ ದೀಪ ಆರಿದ್ದರೆ ದಡಕ್ಕೆ ಬಂದ ಕೂಡಲೇ ಬಂದರು ಕಚೇರಿಗೆ ತಿಳಿಸು. ಬೋಯ್‌ಗೆ ಹಗ್ಗ ಕಟ್ಟಿ ಬೋಟು ನಿಲ್ಲಿಸುವವರ ಜೊತೆ ಸೇರಬೇಡ.

ಮೈಲಾರದ ಕಾರಣಿಕಕ್ಕೆ ಊರಿಗೆ ಬರುತ್ತೀಯಲ್ಲ, ಒಂಬತ್ತು ಮಿಣುಕು ಯಾವ ದಿಕ್ಕು ಎಂದು ಆಗ ಕೇಳುತ್ತೇನೆ.