ಲಾರಿಯ ಟರ್ಬೊಗೆ ಗಾಳಿ ಕೊಳವೆ ಮಾಡುವ ಬಗೆ



ಕಬ್ಬಿನ ಹಂಗಾಮಿನಲ್ಲಿ ಲಾರಿಯ ಗಾಳಿ ಕೊಳವೆ ಸೀಳಿದರೆ ಹೊಸದು ಬರುವ ತನಕ ಕಾಯಲು ಯಾರಿಗೂ ಪುರಸೊತ್ತಿರುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಒಂದು ಕೊಳವೆ ಮಾಡಿಸಿ ಕೂಡಿಸುವವರು ಬಹಳ. ಅದು ತಪ್ಪಲ್ಲ. ಆದರೆ ಕೊಳವೆಯ ಕೆಲಸವೇನೆಂದು ತಿಳಿಯದೆ ಮಾಡಿದರೆ, ಅದರ ದುಡ್ಡು ಉಳಿಸಹೋಗಿ ಇಂಜಿನ್ನನ್ನೇ ಕಳೆದುಕೊಂಡಂತಾದೀತು.

ಗಾಳಿಯ ದಾರಿ

ಒಂದು ಲೀಟರು ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ 10,000 ಲೀಟರು ಗಾಳಿ ಬೇಕು. ಈ ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಟರ್ಬೊ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬವರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೊರಬೀಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಎಳೆದು ಒತ್ತುತ್ತದೆ. ಜೋರಾಗಿ ನಡೆವಾಗ ಇದರ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು.

ಗಾಳಿಯು ಮೊದಲು ಫಿಲ್ಟರಿಗೆ, ಅಲ್ಲಿಂದ ಟರ್ಬೊಗೆ, ಮುಂದೆ ಇಂಟರ್‌ಕೂಲರಿಗೆ, ಕಡೆಗೆ ಇಂಜಿನ್ನಿಗೆ ಹೋಗುತ್ತದೆ. ಫಿಲ್ಟರಿನಿಂದ ಟರ್ಬೊ ತನಕ ಇರುವುದು ಎಳೆತದ ಕೊಳವೆ. ಟರ್ಬೊದಿಂದ ಮುಂದಿನದು ಒತ್ತಡದ ಕೊಳವೆ. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಅರ್ಧ ಪಾಠ ಮುಗಿದಂತೆ.

ಒತ್ತಡದ ಕೊಳವೆ ಸೋರಿದರೆ ಗಾಳಿ ಹೊರಕ್ಕೆ ಹೋಗುತ್ತದೆ. ಸಿಳ್ಳೆಯಂಥ ಸದ್ದು, ಕರಿ ಹೊಗೆ, ಏರಿನಲ್ಲಿ ಬಲ ಸಾಲದಿರುವುದು, ಇವು ಡ್ರೈವರನಿಗೆ ಕೂಡಲೆ ತಿಳಿಯುತ್ತವೆ. ಎಳೆತದ ಕೊಳವೆ ಸೋರಿದರೆ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ, ಅದೂ ಫಿಲ್ಟರನ್ನು ತಪ್ಪಿಸಿಕೊಂಡು. ಲಾರಿ ಚೆನ್ನಾಗಿಯೇ ಓಡುತ್ತದೆ. ಒಳಗೆ ಮಾತ್ರ ಎರೆಮಣ್ಣಿನ ಧೂಳು ಟರ್ಬೊದ ಚಕ್ರವನ್ನೂ ಪಿಸ್ಟನ್ ರಿಂಗನ್ನೂ ಲೈನರನ್ನೂ ಅರದಂತೆ ಉಜ್ಜುತ್ತಿರುತ್ತದೆ. ಎಣ್ಣೆ ಕುಡಿಯತೊಡಗಿದ ಮೇಲೆ ತಿಳಿದು ಫಲವೇನು? ಆದ್ದರಿಂದ ಸದ್ದು ಮಾಡುವ ಸೋರಿಕೆಗಿಂತ ಸದ್ದಿಲ್ಲದ ಸೋರಿಕೆಗೆ ಹೆಚ್ಚು ಅಂಜಬೇಕು.

ಎಳೆತದ ಕೊಳವೆ ಮಾಡುವ ಕ್ರಮ

(1) ಹಳೆಯ ಕೊಳವೆಯ ಅಳತೆ, ಬಾಗುಗಳನ್ನು ತೆಗೆದುಕೊಳ್ಳಿರಿ. ವ್ಯಾಸ ಕಡಿಮೆ ಮಾಡಕೂಡದು. 75 ಮಿ.ಮೀ. ಇದ್ದದ್ದು 65 ಆದರೆ ಗಾಳಿಯ ದಾರಿ ಕಾಲು ಭಾಗ ಕಡಿಮೆಯಾಯಿತು.

(2) 1.5ರಿಂದ 2 ಮಿ.ಮೀ. ದಪ್ಪದ ಕಬ್ಬಿಣದ ಇಲ್ಲವೆ ಅಲ್ಯುಮಿನಿಯಂ ಕೊಳವೆ ಸಾಕು. ಬಾಗು ಸುಕ್ಕಿಲ್ಲದೆ ದುಂಡಗಿರಲಿ. ನೀರಾವರಿಯ ಪಿ.ವಿ.ಸಿ. ಪೈಪು ಬೇಡ; 80 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಅದು ಮೆತ್ತಗಾಗುತ್ತದೆ.

(3) ವೆಲ್ಡಿಂಗ್ ಸುತ್ತಲೂ ಪೂರ್ತಿಯಾಗಿರಲಿ. ಬಳಿಕ ಒಳಗಿನ ಕಿಟ್ಟ, ಕಿಡಿಯ ಹನಿಗಳನ್ನು ಅರದಿಂದ ಉಜ್ಜಿ, ತೊಳೆದು, ಒಣಗಿಸಿ, ಬಿಳಿ ಬಟ್ಟೆ ಎಳೆದು ನೋಡಿರಿ. ಅಂಥ ವೇಗದ ಚಕ್ರಕ್ಕೆ ಒಂದು ಕಿಟ್ಟದ ಚೂರು ಗುಂಡಿಗೆ ಸಮಾನ. ಒಳಗೆ ಬಣ್ಣ ಬಳಿಯಬೇಡಿರಿ. ಅದೂ ಎದ್ದು ಹೋದೀತು.

(4) ಇಂಜಿನ್ನು ಅಲುಗಾಡುತ್ತದೆ, ಫಿಲ್ಟರು ಚಾಸಿಗೆ ಬಿಗಿದಿರುತ್ತದೆ. ಆದ್ದರಿಂದ ಎರಡೂ ತುದಿಗೆ ದಪ್ಪ ರಬ್ಬರಿನ ಇಲ್ಲವೆ ಸಿಲಿಕೋನಿನ ಜೋಡುನಳಿಗೆ ಹಾಕಿ, ಒಂದೊಂದು ಕಡೆಗೂ 35–40 ಮಿ.ಮೀ. ಒಳಸೇರಿಸಿ ಕ್ಲಾಂಪು ಬಿಗಿಯಿರಿ. ಕೊಳವೆಗೆ ಒಂದು ಆಧಾರವೂ ಬೇಕು. ಸೈಕಲ್ ಟ್ಯೂಬು, ತಂತಿಯ ಕಟ್ಟು ಕೆಲಸಕ್ಕೆ ಬಾರವು.

(5) ಹಳೆಯ ಕೊಳವೆಗೆ ಸಣ್ಣ ನಳಿಗೆ ಕೂಡಿದ್ದರೆ ಹೊಸದಕ್ಕೂ ಅಷ್ಟೇ ಅಳತೆಯ ಮೂತಿ ಇಡಿಸಿರಿ. ಅದನ್ನು ತೆರೆದು ಬಿಟ್ಟರೆ ಧೂಳಿಗೆ ಬಾಗಿಲು ತೆರೆದಂತೆ.

ಪರೀಕ್ಷೆ

ಕೂಡಿಸುವ ಮೊದಲು ಕೊಳವೆಯ ತುದಿಗಳನ್ನು ಮುಚ್ಚಿ, ಸಣ್ಣ ಮೂತಿಯಿಂದ ಸೈಕಲ್ ಪಂಪಿನಲ್ಲಿ ಸ್ವಲ್ಪವೇ ಗಾಳಿ ತುಂಬಿ, ಬೆಸುಗೆಗೆ ಸಾಬೂನಿನ ನೊರೆ ಹಚ್ಚಿರಿ. ಗುಳ್ಳೆ ಎದ್ದಲ್ಲಿ ಸೋರಿಕೆ ಉಂಟು. ಟಯರಿನ ಕಂಪ್ರೆಸರ್ ಉಪಯೋಗಿಸಕೂಡದು, ಮುಚ್ಚಳ ಸಿಡಿದೀತು. ವಾರದ ಮೇಲೆ ಕೊಳವೆ ಬಿಚ್ಚಿ ಒಳಗೆ ಬೆರಳಾಡಿಸಿರಿ. ಧೂಳಿನ ಗೆರೆ ಕಂಡರೆ ಲಾರಿ ನಿಲ್ಲಿಸಿ ಜೋಡುಗಳನ್ನು ನೋಡುವುದು.

ಒತ್ತಡದ ಕೊಳವೆಯ ಮಾತು

ಒತ್ತಿದ ಗಾಳಿ ಕಾಯುತ್ತದೆ. ತುಂಬಿದ ಲಾರಿ ಏರು ಹತ್ತುವಾಗ ಟರ್ಬೊದಿಂದ ಹೊರಡುವ ಗಾಳಿ 100 ಡಿಗ್ರಿ ಮೀರುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವಿದ್ದರೆ 75 ಮಿ.ಮೀ. ಜೋಡನ್ನು ಕಳಚಲು 44 ಕಿಲೋ ಬಲ ತಳ್ಳುತ್ತಿರುತ್ತದೆ. ಇಲ್ಲಿ ಕೊಳವೆಯ ತುದಿಗೆ ಉಬ್ಬಿದ ಅಂಚು, ಶಾಖ ತಡೆಯುವ ಸಿಲಿಕೋನ್ ನಳಿಗೆ, ಬೋಲ್ಟಿನ ಕ್ಲಾಂಪು ಇರಲೇಬೇಕು. ಸಾಧ್ಯವಿದ್ದರೆ ಈ ಭಾಗವನ್ನು ಕಂಪನಿಯದನ್ನೇ ಕೊಳ್ಳುವುದು ಲೇಸು. 2020ರ ಏಪ್ರಿಲ್‌ನಿಂದೀಚಿನ ಬಿ.ಎಸ್. 6 ಲಾರಿಗಳಲ್ಲಿ ಗಾಳಿಯ ದಾರಿಯಲ್ಲಿ ಸೆನ್ಸರುಗಳಿರುತ್ತವೆ. ಅವುಗಳಿಗೆ ಮನೆಯ ಕೊಳವೆ ಹೊಂದದು.

ಕೊಳವೆಯ ರೂಪ ಚೆಂದವಿಲ್ಲದಿದ್ದರೆ ಚಿಂತೆಯಿಲ್ಲ. ಒಳಗು ಶುಚಿಯಾಗಿ, ಜೋಡು ಬಿಗಿಯಾಗಿ ಇದ್ದರೆ ಹಂಗಾಮು ಸಾಗೀತು, ಇಂಜಿನ್ನೂ ಉಳಿದೀತು.